ತಲೆ ಬಂತು, ಭುಜ ಬರಲಿಲ್ಲ: ಗಡಿಯೂರಿನ ಒಂದು ಹೆರಿಗೆಯ ನಾಲ್ಕು ನಿಮಿಷ

ಇದು ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಚೆರ್ಕಳ–ಕಲ್ಲಡ್ಕ ರಸ್ತೆಗೆ ಹತ್ತಿರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಆದ ಹೆರಿಗೆಯ ವಿವರ. ನಾನು ಅಲ್ಲಿ ಸ್ಟಾಫ್ ನರ್ಸ್. ತಾಯಿಯ ಗುರುತು ಸಿಗದ ಹಾಗೆ ಊರು, ದಿನ, ಮನೆಯ ವಿಷಯ ಸ್ವಲ್ಪ ಬದಲಿಸಿದ್ದೇನೆ. ಹೆರಿಗೆ ಕೋಣೆಯಲ್ಲಿ ನಡೆದದ್ದನ್ನು ಇದ್ದ ಹಾಗೇ ಬರೆದಿದ್ದೇನೆ. ತಾಯಿಯನ್ನೂ ಡಾಕ್ಟರನ್ನೂ ಕೇಳಿ, ಅವರು ಸರಿ ಎಂದ ಮೇಲೆಯೇ ಬರೆಯುತ್ತಿರುವುದು.

ಮೊದಲು ತೊಂದರೆ ಏನೆಂದು ಹೇಳಿಬಿಡುತ್ತೇನೆ. ಹೆರಿಗೆಯಲ್ಲಿ ಮಗುವಿನ ತಲೆ ಹೊರಗೆ ಬಂದ ಮೇಲೆ, ಮುಂದಿನ ನೋವಿಗೆ ಭುಜ ಬರುತ್ತದೆ, ಅದರ ಹಿಂದೆಯೇ ಮೈ ಜಾರಿಕೊಂಡು ಬರುತ್ತದೆ. ಕೆಲವೊಮ್ಮೆ ಮೇಲಿನ ಭುಜ ತಾಯಿಯ ಪ್ಯೂಬಿಕ್ ಎಲುಬಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ಕಿಬ್ಬೊಟ್ಟೆಯ ಕೆಳತುದಿ ಮುಟ್ಟಿದರೆ ಗಟ್ಟಿಯಾಗಿ ಕೈಗೆ ಸಿಗುತ್ತದಲ್ವಾ, ಅದೇ ಎಲುಬು. ತಲೆ ಹೊರಗೆ, ಮೈ ಒಳಗೆ. ಎದೆ ಬಿಗಿದುಕೊಂಡಿರುವುದರಿಂದ ಮಗು ಉಸಿರು ಎಳೆದುಕೊಳ್ಳಲಾರದು. ಹೊಕ್ಕುಳಬಳ್ಳಿ ಒಳಗೆ ಒತ್ತಿಹೋಗಿದ್ದರೆ ಅಲ್ಲಿಂದಲೂ ಆಮ್ಲಜನಕ ಸರಿಯಾಗಿ ಬರುವುದಿಲ್ಲ. ಇದನ್ನೇ ಶೋಲ್ಡರ್ ಡಿಸ್ಟೋಸಿಯ ಎನ್ನುವುದು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ 2012ರ ಮಾರ್ಗಸೂಚಿಯ ಲೆಕ್ಕದಲ್ಲಿ ಇದು ಸಾವಿರ ಹೆರಿಗೆಗೆ ಆರೇಳು. ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸ್ ವರ್ಷಗಟ್ಟಲೆ ಇದನ್ನು ನೋಡದೆಯೂ ಇರಬಹುದು. ನೋಡಿದ ದಿನ ಯೋಚಿಸುತ್ತಾ ಕೂರಲು ಪುರುಸೊತ್ತು ಇರುವುದಿಲ್ಲ.

ತಾಯಿಯ ಹಿನ್ನೆಲೆ

ವಯಸ್ಸು 29. ಇದು ಎರಡನೇ ಹೆರಿಗೆ. ಮೊದಲನೆಯದು ನಾಲ್ಕು ವರ್ಷದ ಹಿಂದೆ, ಸಾಮಾನ್ಯ ಹೆರಿಗೆ, ಮಗು 3.1 ಕಿಲೋ. ಗಂಡ ಗಲ್ಫಿನಲ್ಲಿ. ಮನೆಯಲ್ಲಿ ಅತ್ತೆ, ಮಾವ, ಸ್ವಲ್ಪ ಅಡಿಕೆ ತೋಟ. ಹೆರಿಗೆಗೆಂದು ತವರಿಗೆ ಬಂದಿದ್ದರು. ತವರು ನಮ್ಮ ಆಸ್ಪತ್ರೆಯಿಂದ ಆಟೋದಲ್ಲಿ ಕಾಲು ಗಂಟೆಯ ದಾರಿ.

ಆರನೇ ತಿಂಗಳಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡಿದಾಗ ಸಕ್ಕರೆ 148 ಇತ್ತು. 140 ದಾಟಿದರೆ ಗರ್ಭಿಣಿಯರ ಸಕ್ಕರೆ ಕಾಯಿಲೆ ಎಂದೇ ಹಿಡಿಯುತ್ತೇವೆ. ಮಾತ್ರೆ, ಇನ್ಸುಲಿನ್ ಬೇಕಾಗಲಿಲ್ಲ. ಕುಚ್ಚಲಕ್ಕಿ ಅನ್ನ ಒಂದು ಸೌಟು ಕಡಿಮೆ, ಪಲ್ಯ ಜಾಸ್ತಿ, ಊಟ ಆದ ಮೇಲೆ ಅಂಗಳದಲ್ಲಿ ನಡಿಗೆ. ಬೆಳಗಿನ ಬೆಲ್ಲದ ಕಾಫಿ ಬಿಡುವುದೇ ದೊಡ್ಡ ಕಷ್ಟವಾಯಿತಂತೆ. ಆಮೇಲಿನ ಪರೀಕ್ಷೆಗಳಲ್ಲಿ ಸಕ್ಕರೆ ಹಿಡಿತದಲ್ಲೇ ಇತ್ತು. 37ನೇ ವಾರದ ಸ್ಕ್ಯಾನಿನಲ್ಲಿ ಮಗುವಿನ ತೂಕ ಅಂದಾಜು 3.4 ಕಿಲೋ.

ಇಷ್ಟರ ಮೇಲೆ, ಈಕೆಗೆ ಭುಜ ಸಿಕ್ಕಿಕೊಳ್ಳುತ್ತದೆ ಎಂದು ಮೊದಲೇ ಹೇಳಬಹುದಿತ್ತಾ? ಇಲ್ಲ. ಸಕ್ಕರೆ ಕಾಯಿಲೆ, ದೊಡ್ಡ ಮಗು, ತಾಯಿಯ ಮೈತೂಕ, ಹಿಂದೊಮ್ಮೆ ಹೀಗಾಗಿದ್ದರೆ ಅದು, ಇವೆಲ್ಲ ಅಪಾಯ ಹೆಚ್ಚಿಸುತ್ತವೆ, ನಿಜ. ಆದರೆ ಇಂಥ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ನಾಲ್ಕು ಕಿಲೋಗಿಂತ ಕಡಿಮೆ ತೂಕದ ಮಕ್ಕಳಲ್ಲೇ ಆಗುತ್ತವೆ. ದೊಡ್ಡ ಮಕ್ಕಳಲ್ಲೂ ಹೆಚ್ಚಿನವು ಸುಸೂತ್ರವಾಗಿ ಹುಟ್ಟುತ್ತವೆ. ಸ್ಕ್ಯಾನಿನ ತೂಕವಂತೂ ಅಂದಾಜು ಅಷ್ಟೇ, ಶೇಕಡ ಹತ್ತು ಹದಿನೈದು ಆಚೀಚೆ ಆಗುವುದು ಮಾಮೂಲು.

ಹೆರಿಗೆ ಕೋಣೆಯಲ್ಲಿ

ಆಟಿ ತಿಂಗಳು, ತುಳುನಾಡಿನ ಜೋರು ಮಳೆಯ ಕಾಲ. ರಾತ್ರಿ ಹತ್ತಕ್ಕೆ ನೋವು ಎಂದು ಬಂದರು. 39 ವಾರ ತುಂಬಿತ್ತು. ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆದಿತ್ತು. ಮಗುವಿನ ಎದೆಬಡಿತ ಚೆನ್ನಾಗಿತ್ತು. ಹೆರಿಗೆ ಮುಂದುವರಿಯುವುದನ್ನು ಗುರುತು ಹಾಕುವ ಪಾರ್ಟೋಗ್ರಾಫಿನಲ್ಲಿ ಗೆರೆ ಸರಿಯಾಗೇ ಸಾಗಿತ್ತು. ಎರಡು ಗಂಟೆ ಹತ್ತು ನಿಮಿಷಕ್ಕೆ ಬಾಯಿ ಪೂರ್ತಿ ತೆರೆಯಿತು.

ಅಲ್ಲಿಂದ ನಿಧಾನವಾಯಿತು. ಎರಡನೇ ಹೆರಿಗೆಯವರಿಗೆ ಇಲ್ಲಿಂದ ಮುಂದಿನದ್ದು ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಈಕೆ ಒಂದು ಗಂಟೆ ಮುಕ್ಕಿದರೂ ತಲೆ ಕೆಳಗೆ ಬಂದು ಮತ್ತೆ ಹಿಂದೆ ಸರಿಯುತ್ತಿತ್ತು. ವ್ಯಾಕ್ಯೂಮ್ (ಮಗುವಿನ ತಲೆಗೆ ಬಟ್ಟಲು ಅಂಟಿಸಿ ಎಳೆಯುವ ಸಾಧನ) ಹಾಕುವುದಾ ಎಂಬ ಮಾತು ಬಂತು. ಎದೆಬಡಿತ ಚೆನ್ನಾಗಿದೆ, ತಾಯಿಗೂ ಶಕ್ತಿ ಇದೆ, ಇನ್ನೂ ಸ್ವಲ್ಪ ಕಾಯೋಣ ಎಂದರು ಡಾಕ್ಟರ್ ಮೇಡಂ. ಆ ನಿರ್ಧಾರ ನನಗೆ ಈಗಲೂ ಸರಿ ಅನಿಸುತ್ತದೆ. ಸಕ್ಕರೆ ಕಾಯಿಲೆಯ ತಾಯಿ, ನಿಧಾನವಾಗಿ ಇಳಿಯುವ ತಲೆ, ಅದರ ಮೇಲೆ ವ್ಯಾಕ್ಯೂಮ್: ಭುಜ ಸಿಕ್ಕಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಬೇಡ.

ಅದೇ ಹೊತ್ತಿಗೆ ಮೇಡಂ ಇನ್ನೂ ಎರಡು ಕೆಲಸ ಮಾಡಿದರು. ವಾರ್ಡಿನಿಂದ ಇನ್ನೊಬ್ಬ ನರ್ಸನ್ನು ಕರೆಸಿದರು. ಮೂಲೆಯಲ್ಲಿದ್ದ ಮರದ ಗಿಡ್ಡ ಸ್ಟೂಲನ್ನು ಮಂಚದ ಪಕ್ಕ ತಂದಿಡಲು ಹೇಳಿದರು. ನಾನು ಎತ್ತರ ಕಡಿಮೆ. ನೆಲದ ಮೇಲೆ ನಿಂತರೆ ತಾಯಿಯ ಹೊಟ್ಟೆಗೆ ಬಲ ಹಾಕಲು ಆಗುವುದಿಲ್ಲ, ತೋಳಿನಲ್ಲಿ ತಳ್ಳುವುದಷ್ಟೇ ಆಗುತ್ತದೆ. ಸ್ಟೂಲ್ ಮೇಲೆ ನಿಂತರೆ ಮೈಭಾರ ಬೀಳುತ್ತದೆ. ಯಾಕೆ ಸ್ಟೂಲ್ ಎಂದು ಯಾರೂ ಕೇಳಲಿಲ್ಲ, ನಾವು ಗೊಂಬೆ ಇಟ್ಟುಕೊಂಡು ಇದನ್ನು ಅಭ್ಯಾಸ ಮಾಡಿದ್ದೆವು.

ಕೋಣೆಯಲ್ಲಿ ಆಗ ಇದ್ದದ್ದು ಡಾಕ್ಟರ್, ನಾನು, ವಾರ್ಡಿನಿಂದ ಬಂದ ಕಿರಿಯ ನರ್ಸ್, ಇಪ್ಪತ್ತು ವರ್ಷದಿಂದ ಅಲ್ಲೇ ದುಡಿದ ಆಯಾ ಅಕ್ಕ, ನರ್ಸಿಂಗ್ ವಿದ್ಯಾರ್ಥಿನಿ ಒಬ್ಬಳು. ತಲೆಯ ಹತ್ತಿರ ಗರ್ಭಿಣಿಯ ಅಮ್ಮ.

3.31ರಿಂದ 3.35

ಮೂರು ಮೂವತ್ತೊಂದಕ್ಕೆ ತಲೆ ಹೊರಗೆ ಬಂತು. ಬಂದದ್ದು ಮುಂದೆ ಚಾಚಲಿಲ್ಲ. ಗದ್ದ ಹೊರಗೆ ಬಿಡಿಸಿಕೊಳ್ಳದೆ ತಾಯಿಯ ಮೈಗೆ ಅಂಟಿಕೊಂಡಿತು, ಕೆನ್ನೆ ಎರಡೂ ಉಬ್ಬಿದವು, ಇಡೀ ತಲೆ ಒಳಕ್ಕೆ ಎಳೆದುಕೊಂಡಿತು. ಆಮೆ ಮಾಡುತ್ತದಲ್ಲ, ಹಾಗೆ. ಪುಸ್ತಕದಲ್ಲೂ ಇದಕ್ಕೆ ಟರ್ಟಲ್ ಸೈನ್ ಎಂದೇ ಹೆಸರು. ತಲೆ ತಿರುಗಿ ಮಗುವಿನ ಮುಖ ತಾಯಿಯ ಬಲತೊಡೆಯ ಕಡೆ ಆಯಿತು. ಮೇಡಂ ಮಗುವಿನ ಬೆನ್ನೆಲುಬಿನ ನೇರಕ್ಕೆ, ಎಂದಿನಷ್ಟೇ ಮೆತ್ತಗೆ ಒಮ್ಮೆ ಎಳೆದು ನೋಡಿದರು. ಬರಲಿಲ್ಲ. ಕೈ ಬಿಟ್ಟರು.

"ಶೋಲ್ಡರ್ ಡಿಸ್ಟೋಸಿಯ. ಟೈಮ್ ಬರ್ಕೊಳ್ಳಿ. ಮಕ್ಕಳ ಡಾಕ್ಟ್ರಿಗೆ ಫೋನ್ ಮಾಡಿ. ಅಕ್ಕಾ, ನೀವು ಈಗ ಮುಕ್ಕುದು ಬೇಡ, ಬಾಯಲ್ಲಿ ಉಸಿರು ಬಿಡಿ."

ಕೂಗಿ ಹೇಳಿದ್ದಲ್ಲ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅಷ್ಟರಲ್ಲಿ ಅಮ್ಮನಿಗೆ ಏನೋ ಸರಿಯಿಲ್ಲ ಎಂದು ಗೊತ್ತಾಯಿತು. "ಎಳೀರಿ ಡಾಕ್ಟ್ರೇ, ತಲೆ ಬಂದುಂಟಲ್ಲ, ಎಳೀರಿ!" ಯಾರಿಗಾದರೂ ಹಾಗೇ ಅನಿಸುವುದು. ಹೆರಿಗೆ ಮಾಡಿಸುವವರ ಕೈಗೂ ಮೊದಲು ತೋಚುವುದು ಅದೇ. ಆದರೆ ಎಲುಬಿಗೆ ಎಲುಬು ತಾಗಿ ನಿಂತಿರುವಾಗ ಎಳೆದರೆ ಭುಜ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಕುತ್ತಿಗೆ ಮಾತ್ರ ಉದ್ದವಾಗುತ್ತದೆ. ಕುತ್ತಿಗೆಯಿಂದ ಕೈಗೆ ಹೋಗುವ ನರಗಳ ಗೊಂಚಲು ಒಂದುಂಟು, ಬ್ರೇಕಿಯಲ್ ಪ್ಲೆಕ್ಸಸ್ ಎಂದು. ಜೋರಾಗಿ ಎಳೆದರೆ, ಅದರಲ್ಲೂ ಕೆಳಕ್ಕೆ ಬಗ್ಗಿಸಿ ಎಳೆದರೆ, ಹಿಗ್ಗುವುದು, ಹರಿಯುವುದು ಅದೇ ನರ.

ಮಂಚದ ತಲೆಭಾಗ ಚಪ್ಪಟೆ ಮಾಡಿ ತಾಯಿಯನ್ನು ಅಂಚಿಗೆ ಸರಿಸಿದೆವು. ಕಿರಿಯ ನರ್ಸ್ ಬಲಗಾಲು, ಆಯಾ ಅಕ್ಕ ಎಡಗಾಲು. ಎರಡೂ ತೊಡೆಗಳನ್ನು ಹೊಟ್ಟೆಗೆ ತಾಗುವಷ್ಟು ಮಡಚಿ ಹಿಡಿದರು. ಇದು ಮೆಕ್‌ರಾಬರ್ಟ್ಸ್ ವಿಧಾನ, ಅಮೆರಿಕದ ಹ್ಯೂಸ್ಟನ್ನಿನ ಡಾಕ್ಟರ್ ಒಬ್ಬರ ಹೆಸರು. ನೋಡಲು ಏನೂ ಅಲ್ಲ ಅನಿಸುತ್ತದೆ. ತೊಡೆ ಮಡಚಿದಾಗ ಸೊಂಟದ ಹಿಂದಿನ ಬಾಗು ನೇರವಾಗಿ, ಪ್ಯೂಬಿಕ್ ಎಲುಬು ಮಗುವಿನ ಭುಜದ ಮೇಲಿನಿಂದ ತಾಯಿಯ ತಲೆಯ ಕಡೆಗೆ ಸರಿಯುತ್ತದೆ. ಬಹಳಷ್ಟು ಸಲ ಇದರಲ್ಲೇ ಮಗು ಬಂದುಬಿಡುತ್ತದೆ. ಮೇಡಂ ಮತ್ತೊಮ್ಮೆ ಮೆತ್ತಗೆ ನೋಡಿದರು. ಬರಲಿಲ್ಲ.

"ಒಂದು ನಿಮಿಷ," ಎಂದಳು, ಗಡಿಯಾರ ನೋಡಿ ನಿಮಿಷ ಕೂಗಲು ನಿಂತಿದ್ದ ವಿದ್ಯಾರ್ಥಿನಿ.

ನಾನು ತಾಯಿಯ ಎಡಗಡೆ ಸ್ಟೂಲ್ ಹತ್ತಿದೆ. ಯಾಕೆ ಎಡಗಡೆ? ಮಗುವಿನ ಮುಖ ಬಲಕ್ಕಿದೆ ಅಂದರೆ ಬೆನ್ನು ಎಡಕ್ಕಿದೆ. ಭುಜವನ್ನು ಬೆನ್ನಿನ ಕಡೆಯಿಂದ ಎದೆಯ ಕಡೆಗೆ ತಳ್ಳಬೇಕು. ಹಾಗೆ ತಳ್ಳಿದರೆ ಎರಡು ಭುಜಗಳ ನಡುವಿನ ಅಗಲ ಕಡಿಮೆಯಾಗುತ್ತದೆ, ಭುಜ ಓರೆಯಾಗಿ ಎಲುಬಿನ ಕೆಳಗೆ ನುಸುಳಬಹುದು. ಈ ಎಡ ಬಲ ಗಡಿಬಿಡಿಯಲ್ಲಿ ತಪ್ಪುವುದು ಸುಲಭ. ಅದಕ್ಕೇ ಮೇಡಂ "ಬೆನ್ನು ಎಡಕ್ಕೆ, ಸಿಸ್ಟರ್ ನೀವು ಎಡಗಡೆ" ಎಂದು ಬಾಯಿಬಿಟ್ಟು ಹೇಳಿದರು. ಅಂಗೈಯ ಬುಡ ಪ್ಯೂಬಿಕ್ ಎಲುಬಿನ ಸ್ವಲ್ಪ ಮೇಲೆ ಇಟ್ಟು, ಮೈಭಾರ ಹಾಕಿ, ಕೆಳಕ್ಕೂ ಬಲಕ್ಕೂ ಒತ್ತಿ ಹಿಡಿದೆ. ಮೂವತ್ತು ಸೆಕೆಂಡ್ ಒಂದೇ ಸಮ, ಆಮೇಲೆ ಒತ್ತಿ ಬಿಟ್ಟು ಒತ್ತಿ ಬಿಟ್ಟು.

ಇಲ್ಲಿ ಒಂದು ವಿಷಯ ನಡೆಯಿತು. ಆಯಾ ಅಕ್ಕ ಎಡಗಾಲನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯನ್ನು ತಾಯಿಯ ಹೊಟ್ಟೆಯ ಮೇಲ್ಭಾಗಕ್ಕೆ ಇಟ್ಟರು. ಹಿಂದಿನ ಕಾಲದಲ್ಲಿ ಹೊಟ್ಟೆಯನ್ನು ಮೇಲಿಂದ ಒತ್ತಿ ಮಗುವನ್ನು ಕೆಳಗೆ ನೂಕುವುದನ್ನು ಅವರು ಎಷ್ಟೋ ಸಲ ನೋಡಿದವರು. "ಅಕ್ಕ, ಮೇಲೆ ಬೇಡ, ಮೊಣಕಾಲು ಹಿಡೀರಿ" ಎಂದು ಅವರ ಕೈ ತೆಗೆದು ಮೊಣಕಾಲಿನ ಮೇಲಿಟ್ಟೆ. ನನ್ನ ಕೈ ಇದ್ದ ಜಾಗಕ್ಕೂ ಅವರ ಕೈ ಇದ್ದ ಜಾಗಕ್ಕೂ ಒಂದೂವರೆ ಗೇಣು ಅಂತರ ಇರಬಹುದು. ಆದರೆ ಮೇಲಿಂದ ಒತ್ತಿದರೆ ಭುಜ ಎಲುಬಿಗೆ ಇನ್ನೂ ಬಿಗಿಯುತ್ತದೆ, ಗರ್ಭಕೋಶ ಹರಿಯುವ ಭಯವೂ ಉಂಟು. ತೊಂದರೆ ಗೊತ್ತಾದ ಮೇಲೆ ತಾಯಿಗೆ ಮುಕ್ಕಬೇಡಿ ಎನ್ನುವುದೂ ಇದೇ ಕಾರಣಕ್ಕೆ.

"ಎರಡು ನಿಮಿಷ."

ಇನ್ನೂ ಬರಲಿಲ್ಲ. ಮೇಡಂ ಕತ್ತರಿ ಮುಟ್ಟಲಿಲ್ಲ. ಸಿಕ್ಕಿಕೊಂಡಿರುವುದು ಎಲುಬಿಗೆ, ಚರ್ಮಕ್ಕಲ್ಲ. ಕೆಳಗೆ ಕತ್ತರಿಸಿದ ಮಾತ್ರಕ್ಕೆ ಭುಜ ಬಿಡುವುದಿಲ್ಲ. ಕೈ ಒಳಗೆ ಹೋಗಲು ಜಾಗ ಬೇಕಾದರೆ ಮಾತ್ರ ಕತ್ತರಿ. ಎರಡನೇ ಹೆರಿಗೆಯಾದ್ದರಿಂದ ಜಾಗ ಇತ್ತು.

ಕೈ ಹಾಕುವ ಜಾಗದ ಬಗ್ಗೆ ಒಂದು ಮಾತು. ಸಿಕ್ಕಿರುವ ಭುಜ ಮೇಲಿದೆ ಎಂದು ಹೊಸಬರು ಮೇಲಿಂದಲೇ ಬೆರಳು ತೂರಿಸಲು ನೋಡುತ್ತಾರೆ. ಅಲ್ಲಿ ಕಾಗದ ತೂರಿಸಲೂ ಜಾಗ ಇರುವುದಿಲ್ಲ. ಜಾಗ ಇರುವುದು ಹಿಂದೆ, ತಾಯಿಯ ಬೆನ್ನೆಲುಬಿನ ಬುಡದ ತಗ್ಗಿನಲ್ಲಿ. ಅಲ್ಲಿಂದ ಹೋಗಬೇಕು. ಎರಡು ಬೆರಳಷ್ಟೇ ಹಾಕಿದರೆ ಏನೂ ಸಿಗುವುದಿಲ್ಲ, ಇಡೀ ಕೈ ಹೋಗಬೇಕು. ಬಳೆಗಾರನ ಹತ್ತಿರ ಬಿಗಿ ಬಳೆ ತೊಡಿಸಿಕೊಳ್ಳುವಾಗ ಹೆಬ್ಬೆರಳನ್ನು ಅಂಗೈಗೆ ಮಡಚಿ ಕೈ ಸಪೂರ ಮಾಡುತ್ತೇವಲ್ಲ, ಮೇಡಂ ಕೈ ಹಾಗೇ ಒಳಗೆ ಹೋಯಿತು. ಮೊದಲು ಮೇಲಿನ ಭುಜದ ಹಿಂಭಾಗಕ್ಕೆ ಬೆರಳು ಮುಟ್ಟಿಸಿ ಎದೆಯ ಕಡೆ ತಿರುಗಿಸಲು ನೋಡಿದರು. ನಾನು ಹೊರಗಿನಿಂದ ಅದೇ ದಿಕ್ಕಿಗೆ ಒತ್ತಿದೆ. ಸ್ವಲ್ಪ ಅಲುಗಿತು, ಬಿಡಲಿಲ್ಲ.

"ಮೂರು ನಿಮಿಷ." ಹುಡುಗಿಯ ಸ್ವರ ಸಣ್ಣಗಾಗಿತ್ತು.

"ಹಿಂದಿನ ಕೈ ತೆಗೀತೇನೆ," ಎಂದರು ಮೇಡಂ. ಕೈ ಬದಲಿಸಿ ಎಡಗೈ ಹಾಕಿದರು. ಮಗುವಿನ ಎದೆ ಇದ್ದದ್ದು ಅವರ ಎಡಕ್ಕೆ, ಎದೆಯ ಮುಂದೆ ಅಂಗೈ ಬರಬೇಕಾದರೆ ಎಡಗೈಯೇ ಸರಿ. ಕೆಳಗಿನ ಕೈ ಎದೆಯ ಮೇಲೆ ಮಡಚಿಕೊಂಡಿತ್ತು, ಅದೊಂದು ಪುಣ್ಯ. ಮಣಿಕಟ್ಟು ಸಿಕ್ಕಿತು. ಅದನ್ನು ಹಿಡಿದು ನೇರವಾಗಿ ಹೊರಗೆ ತಂದರು. ಮೊದಲು ನೀಲಿ ಬೆರಳುಗಳು, ಆಮೇಲೆ ಮೊಣಕೈ, ಆಮೇಲೆ ಕೆಳಗಿನ ಭುಜ. ಒಂದು ಕೈ ಹೊರಗೆ ಬಂದರೆ ಭುಜದ ಅಗಲ ಅಷ್ಟು ಕಡಿಮೆಯಾಗುತ್ತದೆ. ಮೇಲಿನ ಭುಜ ತಾನಾಗಿ ಬಿಟ್ಟಿತು, ಮೈ ಪೂರ್ತಿ ಜಾರಿ ಬಂತು. ಗಂಟೆ 3.35. ಹೆಣ್ಣು ಮಗು, 3.9 ಕಿಲೋ.

ಇದೂ ಆಗದಿದ್ದರೆ ತಾಯಿಯನ್ನು ಮಂಡಿ ಮತ್ತು ಅಂಗೈ ಊರಿಸಿ ಕವುಚುವುದಿತ್ತು. ಅಮೆರಿಕದ ಸೂಲಗಿತ್ತಿ ಐನಾ ಮೇ ಗ್ಯಾಸ್ಕಿನ್ 1976ರಲ್ಲಿ ಇದನ್ನು ಕಲಿತದ್ದು ಮಧ್ಯ ಅಮೆರಿಕದಲ್ಲಿ. ಮೂಲ ಗ್ವಾಟೆಮಾಲದ ಹಳ್ಳಿ ಸೂಲಗಿತ್ತಿಯರದ್ದು. ಈಗ ಪುಸ್ತಕಗಳಲ್ಲಿ ಗ್ಯಾಸ್ಕಿನ್ ಹೆಸರಿನಲ್ಲೇ ಇದೆ. ಹಳ್ಳಿ ಹೆಂಗಸರ ಕೈಕೆಲಸಕ್ಕೆ ಅವರ ಹೆಸರು ಉಳಿಯುವುದು ಕಡಿಮೆ ಬಿಡಿ. ಅದರಾಚೆ ತಲೆಯನ್ನೇ ವಾಪಸ್ ಒಳಗೆ ತಳ್ಳಿ ಸಿಸೇರಿಯನ್ ಮಾಡುವಂಥ ಕೊನೆಯ ದಾರಿಗಳು ಇವೆ. ನಮ್ಮಂಥ ಕಡೆ ರಾತ್ರಿ ಮೂರೂವರೆಗೆ ಅದು ಬರೀ ಮಾತು. ಅರಿವಳಿಕೆ ಡಾಕ್ಟರ್ ಬರುವುದಕ್ಕೇ ಇಪ್ಪತ್ತು ನಿಮಿಷ ಬೇಕು.

ಮಗು ಮೆತ್ತಗಿತ್ತು, ಅಳಲಿಲ್ಲ. ಎದೆಬಡಿತ ನೂರಕ್ಕಿಂತ ಕಡಿಮೆ. ಬಳ್ಳಿ ಕತ್ತರಿಸಿ, ಮಗುವನ್ನು ಬೆಚ್ಚಗಿಡುವ ವಾರ್ಮರಿಗೆ ತಂದು ಒರೆಸಿ, ಬೆನ್ನು ಉಜ್ಜಿ, ಕಿರಿಯ ನರ್ಸ್ ಮಾಸ್ಕ್ ಇಟ್ಟು, ಕೈಯಲ್ಲಿ ಒತ್ತುವ ಅಂಬು ಬ್ಯಾಗಿನಿಂದ ಗಾಳಿ ಕೊಟ್ಟಳು. ಅರ್ಧ ನಿಮಿಷದಲ್ಲಿ ಬಡಿತ ಏರಿತು, ಆಮೇಲೆ ಒಂದು ಕೊಸರಾಟ, ಆಮೇಲೆ ಅಳು. ಹುಟ್ಟಿದ ಮಗುವಿನ ಸ್ಥಿತಿಗೆ ಹತ್ತರಲ್ಲಿ ಕೊಡುವ ಅಂಕ ಅಪ್ಗಾರ್, ಒಂದನೇ ನಿಮಿಷಕ್ಕೆ 5, ಐದನೇ ನಿಮಿಷಕ್ಕೆ 8. ಮಕ್ಕಳ ಡಾಕ್ಟರ್ ಒದ್ದೆ ರೈನ್‌ಕೋಟಿನಲ್ಲೇ ಓಡಿ ಬಂದಾಗ ಮಗು ಗುಲಾಬಿಯಾಗಿತ್ತು. ತಲೆ ಬಂದು ಮೈ ಬರುವವರೆಗಿನ ಹೊತ್ತು ಐದು ನಿಮಿಷದೊಳಗಿದ್ದರೆ ಮಿದುಳಿಗೆ ಪೆಟ್ಟಾಗುವ ಸಂಭವ ತುಂಬಾ ಕಡಿಮೆ, ಐದು ದಾಟಿದರೆ ಬೇಗ ಏರುತ್ತದೆ. ವಿದ್ಯಾರ್ಥಿನಿಯನ್ನು ನಿಮಿಷ ಕೂಗಲು ನಿಲ್ಲಿಸಿದ್ದು ಇದಕ್ಕೇ. ಕೈ ಒಳಗಿಟ್ಟವರಿಗೆ ಹೊತ್ತು ತಿಳಿಯುವುದಿಲ್ಲ.

ಇನ್ನು ತಾಯಿ. ಇಂಥ ಹೆರಿಗೆಯಾದ ಮೇಲೆ ನೂರರಲ್ಲಿ ಹನ್ನೊಂದು ಮಂದಿಗೆ ಜಾಸ್ತಿ ರಕ್ತ ಹೋಗುತ್ತದೆ ಎಂದು ಬ್ರಿಟನ್ನಿನ ಅದೇ ಮಾರ್ಗಸೂಚಿ ಹೇಳುತ್ತದೆ. ಈಕೆಗೂ ಹೋಯಿತು. ಬಟ್ಟೆ ತೂಗಿ ನೋಡಿದರೆ ಸುಮಾರು 700 ಮಿಲಿ. ಗರ್ಭಕೋಶ ಬಿಗಿಯಲು ಆಕ್ಸಿಟೋಸಿನ್, ಗರ್ಭಕೋಶದ ಮಸಾಜ್, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಒಂದು ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ. ನಿಂತಿತು. ಕೆಳಗೆ ಎರಡನೇ ದರ್ಜೆಯ (ಚರ್ಮದ ಜೊತೆ ಸ್ನಾಯುವೂ) ಹರಿದ ಗಾಯ ಇತ್ತು, ಹೊಲಿಗೆ ಹಾಕಿದರು. ರಕ್ತ ಕೊಡಬೇಕಾಗಲಿಲ್ಲ.

ಟ್ರಾಲಿಗೆ ಅಂಟಿಸಿದ ಪಟ್ಟಿ

ವಿದ್ಯಾರ್ಥಿನಿಗೆ ಆ ಗಡಿಬಿಡಿಯಲ್ಲಿ ಕಾಗದ ಸಿಗಲಿಲ್ಲ. ಔಷಧದ ಟ್ರಾಲಿಗೆ ಉದ್ದಕ್ಕೆ ಒಂದು ಬಿಳಿ ಪ್ಲಾಸ್ಟರ್ ಎಳೆದು ಅಂಟಿಸಿ, ಅದರ ಮೇಲೆ ಪೆನ್ನಿನಲ್ಲಿ ಬರೆದಿದ್ದಳು: 3.31 ತಲೆ, ಮುಖ ತಾಯಿಯ ಬಲಕ್ಕೆ. 3.32 ಕಾಲು ಮೇಲೆ. ಒತ್ತು, ಎಡದಿಂದ. 3.33 ಕೈ ಒಳಗೆ. 3.34 ಹಿಂದಿನ ಕೈ. 3.35 ಮಗು. ಮಧ್ಯೆ ಎರಡು ಪದ ಮಲಯಾಳದಲ್ಲಿತ್ತು. ಆ ಪಟ್ಟಿ ಕಿತ್ತು ಕೇಸ್ ಶೀಟಿಗೇ ಅಂಟಿಸಿದೆವು. ಬೆಳಗಾಗುವ ಮೊದಲು ಎಲ್ಲರೂ ಕೂತು ಅದನ್ನೇ ನೋಡಿ ಪೂರ್ತಿ ವಿವರ ಬರೆದೆವು. ಯಾರು ಯಾವ ಕಾಲು ಹಿಡಿದದ್ದು, ಒತ್ತಿದ್ದು ಯಾವ ಕಡೆಯಿಂದ, ಎಷ್ಟು ಹೊತ್ತು, ಮೇಲೆ ಇದ್ದದ್ದು ಮಗುವಿನ ಯಾವ ಭುಜ, ಎಳೆದದ್ದು ಹೇಗೆ, ಮಕ್ಕಳ ಡಾಕ್ಟರ್ ಬಂದದ್ದು ಎಷ್ಟಕ್ಕೆ. "ಭುಜ ಸಿಕ್ಕಿತ್ತು, ಕಷ್ಟಪಟ್ಟು ತೆಗೆದೆವು" ಎಂದು ಒಂದು ಸಾಲು ಬರೆದು ಬಿಡುವ ಕೇಸ್ ಶೀಟುಗಳನ್ನು ನಾನು ಬೇರೆ ಕಡೆ ಕಂಡಿದ್ದೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ಮಗುವಿಗೂ ಇಲ್ಲ, ಡಾಕ್ಟರಿಗೂ ಇಲ್ಲ.

ಎಂಟು ಗಂಟೆಗೆ ಆ ವಿವರ ಕೆಲಸಕ್ಕೆ ಬಂತು. ಮಗುವಿನ ಬಲಗೈ ಆಡುತ್ತಿರಲಿಲ್ಲ. ಮೈ ಪಕ್ಕ ನೇರ ಜೋತು ಬಿದ್ದಿತ್ತು, ಒಳಮುಖವಾಗಿ ತಿರುಗಿತ್ತು, ಅಂಗೈ ಹಿಂದಕ್ಕೆ. ಬೆಚ್ಚಿದಾಗ ಎಡಗೈ ಮಾತ್ರ ಮೇಲೇಳುತ್ತಿತ್ತು. ಬೆರಳು ಕೊಟ್ಟರೆ ಬಲಗೈಯೂ ಗಟ್ಟಿ ಹಿಡಿಯುತ್ತಿತ್ತು, ಅಂದರೆ ಕೆಳಗಿನ ನರಗಳು ಸರಿ ಇವೆ, ತೊಂದರೆ ಮೇಲಿನ ಎರಡರಲ್ಲಿ. ಇದಕ್ಕೆ ಅರ್ಬ್ಸ್ ಪಾಲ್ಸಿ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಕೊರಳೆಲುಬು ಮುರಿದಿರಲಿಲ್ಲ. ಮೇಡಂ ಎಳೆದು ತಂದ ಎಡಗೈಗೆ ಏನೂ ಆಗಿರಲಿಲ್ಲ.

ಬಲಗೈ ಅಂದರೆ ಎಲುಬಿಗೆ ಸಿಕ್ಕಿದ್ದ ಮೇಲಿನ ಭುಜದ್ದು. ಮೆತ್ತಗೆ ಎಳೆದರೂ ಇದು ಆಗಬಹುದು. ಗರ್ಭಕೋಶವೇ ಮೈಯನ್ನು ಕೆಳಗೆ ನೂಕುವಾಗ, ಭುಜ ಸಿಕ್ಕಿಕೊಂಡಿದ್ದರೆ, ಯಾರ ಕೈ ತಾಗದೆಯೂ ನರ ಹಿಗ್ಗುತ್ತದೆ. ಈ ಮಗುವಿನಲ್ಲಿ ಯಾವುದರಿಂದ ಆಯಿತು ಎಂದು ಆಣೆ ಮಾಡಿ ಹೇಳಲು ಆಗುವುದಿಲ್ಲ. ಮೇಡಂ ಮನೆಯವರ ಮುಂದೆ ಹಾಗೇ ಹೇಳಿದರು.

ಮನೆಯವರ ಪ್ರಶ್ನೆ

ಅತ್ತೆ ಬಂದದ್ದು ಹತ್ತು ಗಂಟೆಯ ಬಸ್ಸಿಗೆ. "ಮಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಿದ್ರೆ ಹೀಗೆ ಆಗ್ತಿರ್ಲಿಲ್ಲ, ಅಲ್ವಾ ಡಾಕ್ಟ್ರೇ?" ಗಂಡ ವಾಟ್ಸಾಪ್ ವೀಡಿಯೊದಲ್ಲಿ. ಅವರು ಕೇಳಿದ್ದು ಇನ್ನೂ ನೇರ: "ಸಿಸೇರಿಯನ್ ಯಾಕೆ ಮಾಡ್ಲಿಲ್ಲ?"

ಕಾಸರಗೋಡಿನವರಿಗೆ ಮಂಗಳೂರು ಬರೀ ದೊಡ್ಡ ಊರಲ್ಲ, ಧೈರ್ಯ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಎಷ್ಟು ಜನ ಒದ್ದಾಡಿದರು ಎಂದು ಇಲ್ಲಿ ಯಾರೂ ಮರೆತಿಲ್ಲ. ಹಾಗಾಗಿ ಅತ್ತೆ ಕೇಳಿದ್ದರಲ್ಲಿ ತಪ್ಪಿಲ್ಲ. ಮೇಡಂ ಸಿಡುಕಲಿಲ್ಲ. ಅಭ್ಯಾಸದ ಗೊಂಬೆಯನ್ನೇ ತರಿಸಿ, ಭುಜ ಎಲ್ಲಿ ಸಿಕ್ಕಿತು, ಏನು ಮಾಡಿದೆವು ಎಂದು ಮೊದಲು ಕನ್ನಡದಲ್ಲಿ, ಅತ್ತೆಗೆ ತುಳುವಿನಲ್ಲಿ ಮತ್ತೊಮ್ಮೆ ತೋರಿಸಿದರು.

ಸಿಸೇರಿಯನ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಸಕ್ಕರೆ ಕಾಯಿಲೆ ಇರುವವರಿಗೆ ಮಗು ನಾಲ್ಕೂವರೆ ಕಿಲೋ ಮೀರುತ್ತದೆ ಎಂದು ಕಂಡರೆ ಮೊದಲೇ ಸಿಸೇರಿಯನ್ ಯೋಚಿಸಬಹುದು. ಈಕೆಯದು ಅದರ ಹತ್ತಿರವೂ ಇರಲಿಲ್ಲ. 1996ರಲ್ಲಿ ಅಮೆರಿಕದಲ್ಲಿ ಮಾಡಿದ ಒಂದು ಲೆಕ್ಕಾಚಾರದಂತೆ, ಸಕ್ಕರೆ ಕಾಯಿಲೆಯವರಲ್ಲಿ ಆ ನಾಲ್ಕೂವರೆ ಕಿಲೋ ಗೆರೆ ಹಿಡಿದರೂ, ಶಾಶ್ವತ ನರದ ಗಾಯ ಒಂದನ್ನು ತಪ್ಪಿಸಲು 443 ಸಿಸೇರಿಯನ್ ಬೇಕು. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ 3,695. ಮಂಗಳೂರಿಗೆ ಹೋಗಿದ್ದರೆ? ಭುಜ ಅಲ್ಲೂ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿ ಮಕ್ಕಳ ಡಾಕ್ಟರ್, ಅರಿವಳಿಕೆ ಡಾಕ್ಟರ್ ಕೂಗಿದರೆ ಸಿಗುತ್ತಾರೆ, ಅದು ನಿಜವಾದ ವ್ಯತ್ಯಾಸ. ಆದರೆ ನೋವು ಜೋರಾದ ಮೇಲೆ ಆ ಮಳೆಯಲ್ಲಿ ಹೊರಟಿದ್ದರೆ ಹೆರಿಗೆ ಆಂಬುಲೆನ್ಸಿನಲ್ಲೇ ಆಗುವುದೂ ಇತ್ತು. ಕಾಲು ಹಿಡಿಯುವವರು ಇಬ್ಬರೂ ಸಿಗದ ಜಾಗ ಅದು.

ಅಭ್ಯಾಸದಿಂದ ಏನಾಗುತ್ತದೆ ಎನ್ನುವುದಕ್ಕೆ ಅಂಕಿ ಉಂಟು. ಇಂಗ್ಲೆಂಡಿನ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯಲ್ಲಿ ಇಡೀ ಹೆರಿಗೆ ವಿಭಾಗಕ್ಕೆ ಗೊಂಬೆ ಇಟ್ಟು ಇದನ್ನು ಕಲಿಸಲು ಶುರು ಮಾಡಿದರು. ಭುಜ ಸಿಕ್ಕಿಕೊಂಡ ಮಕ್ಕಳಲ್ಲಿ ಗಾಯವಾಗುತ್ತಿದ್ದದ್ದು ಶೇಕಡ 9.3ರಿಂದ 2.3ಕ್ಕೆ ಇಳಿಯಿತು ಎಂದು 2008ರಲ್ಲಿ ಪ್ರಕಟವಾಯಿತು. ಹೊಸ ಯಂತ್ರ ತಂದದ್ದಲ್ಲ, ಕಟ್ಟಡ ಕಟ್ಟಿದ್ದಲ್ಲ. ಡಾಕ್ಟರ್, ನರ್ಸ್ ಎಲ್ಲರೂ ಒಟ್ಟಿಗೆ ಅಭ್ಯಾಸ ಮಾಡಿದ್ದು. ನಮ್ಮಲ್ಲಿ ಗೊಂಬೆ ಅಭ್ಯಾಸಕ್ಕೆ ಆಗ ಆಯಾ ಅಕ್ಕನನ್ನು ಕರೆಯುತ್ತಿರಲಿಲ್ಲ. ಈಗ ಕರೆಯುತ್ತೇವೆ, ಮೊದಲ ಸಾಲಿನಲ್ಲೇ ಕೂರುತ್ತಾರೆ.

ಮೀಯಿಸುವ ಅಜ್ಜಿ

ಆಸ್ಪತ್ರೆಯಲ್ಲಿ ನಾಲ್ಕು ನಿಮಿಷದ ಕೆಲಸ. ಈ ಕೈ ಸರಿಯಾಗುವುದು ಮನೆಯಲ್ಲಿ, ತಿಂಗಳುಗಳ ಕೆಲಸ. ಇಲ್ಲಿ ನನಗೆ ಜಾಸ್ತಿ ಚಿಂತೆ ಇದ್ದದ್ದು ಸ್ನಾನದ್ದು.

ನಮ್ಮ ಕಡೆ ಬಾಣಂತಿಯನ್ನೂ ಮಗುವನ್ನೂ ಮೀಯಿಸಲು ಅಭ್ಯಾಸದ ಹೆಂಗಸರು ಬರುತ್ತಾರೆ. ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಮಗುವನ್ನು ಮಲಗಿಸಿ, ತೆಂಗಿನೆಣ್ಣೆ ತಿಕ್ಕಿ, ಒಂದು ಕೈಗೂ ಎದುರು ಕಾಲಿಗೂ ಅಡ್ಡಡ್ಡ ಎಳೆದು, ಕೊನೆಗೆ ಕಂಕುಳಲ್ಲಿ ಕೈ ಹಾಕಿ ಎತ್ತುತ್ತಾರೆ. ಚೆನ್ನಾಗಿರುವ ಮಗುವಿಗೇ ಅಡ್ಡ ಎಳೆಯುವುದು ನನಗೆ ಇಷ್ಟವಿಲ್ಲ. ಈ ಕೈಗಂತೂ ಆಗಲೇ ಬಾರದು. ಆಶಾ ಕಾರ್ಯಕರ್ತೆಯ ಜೊತೆ ನಾನೂ ಆ ಮನೆಗೆ ಹೋದೆ.

"ಅಜ್ಜಿ, ಈ ಬಲಗೈಯನ್ನು ಹತ್ತು ದಿನ ಎಳೆಯುವ ಹಾಗಿಲ್ಲ."

"ಎಳೆಯದಿದ್ರೆ ನರ ಬಿಡುದು ಹೇಗೆ ಮಗಾ? ನಾನು ಎಷ್ಟು ಮಕ್ಕಳನ್ನ ಮೀಯಿಸಿದ್ದೇನೆ ಗೊತ್ತುಂಟಾ?"

ಬೇಡ, ಬೇಡ ಎಂದು ಹೇಳಿ ಬಂದಿದ್ದರೆ ನನ್ನ ಬೆನ್ನ ಹಿಂದೆ ಎಳೆಯುತ್ತಿದ್ದರು. ಅದಕ್ಕೆ ಮಗುವನ್ನು ಅವರ ಕಾಲ ಮೇಲೇ ಮಲಗಿಸಿ, ಅವರ ಕೈಯಿಂದಲೇ ಮಾಡಿಸಿದೆ. ಎತ್ತುವಾಗ ಕಂಕುಳಿಗೆ ಕೈ ಬೇಡ, ಕುತ್ತಿಗೆಯ ಹಿಂದೆ ಒಂದು, ಕುಂಡೆಯ ಕೆಳಗೆ ಒಂದು. ಬಲಗೈ ಜೋತು ಬೀಳಬಾರದು, ಎದೆಯ ಮೇಲೆ ಮಡಚಿ ಇಡಬೇಕು. ಅಂಗಿ ಹಾಕುವಾಗ ಮೊದಲು ಬಲಗೈ, ತೆಗೆಯುವಾಗ ಕೊನೆಗೆ ಬಲಗೈ. ಹಾಲು ಕುಡಿಸುವಾಗ ಆ ಕೈ ತಾಯಿಯ ಮೈಗೆ ಸಿಕ್ಕಿ ಹಿಂದಕ್ಕೆ ಹೋಗದ ಹಾಗೆ ನೋಡಬೇಕು. ಅಜ್ಜಿ ಒಮ್ಮೆ ಮಾಡಿದರು, ಇನ್ನೊಮ್ಮೆ ನನಗಿಂತ ಚೆನ್ನಾಗಿ ಮಾಡಿದರು.

ಹತ್ತು ದಿನ ಕಳೆದ ಮೇಲೆ ಕಾಸರಗೋಡಿನ ಫಿಸಿಯೋಥೆರಪಿಸ್ಟ್ ವ್ಯಾಯಾಮ ಹೇಳಿಕೊಟ್ಟರು. ಭುಜವನ್ನು ಮೆಲ್ಲ ಹೊರಕ್ಕೆ ತಿರುಗಿಸುವುದು, ಮೊಣಕೈ ಮಡಚಿ ಬಿಡಿಸುವುದು, ಅಂಗೈ ಮೇಲೆ ಮಾಡುವುದು. ಕೀಲು ಬಿಗಿಯದೆ ಇರಲಿ ಎಂದು. ದಿನಕ್ಕೆ ಕೆಲವು ಸಲ ಮಾಡಬೇಕು. ಎಳೆ ಬಾಣಂತಿಗೆ ಭಯ, ಅತ್ತೆಗೆ ಕಣ್ಣು ಮಂಜು. ಕೊನೆಗೆ ಬೆಳಗಿನ ಸರದಿ ಅಜ್ಜಿಯದ್ದೇ ಆಯಿತು. ಎಣ್ಣೆ ಹಚ್ಚುವಾಗಲೇ ಎಣಿಸಿ ಎಣಿಸಿ ಮಾಡುತ್ತಿದ್ದರು. ಅಷ್ಟು ಮೆತ್ತಗೆ, ಅಷ್ಟು ನಿಧಾನವಾಗಿ ನಮ್ಮ ಕೈಯಲ್ಲಿ ಆಗುತ್ತಿರಲಿಲ್ಲ.

ಇಂಥ ಗಾಯಗಳಲ್ಲಿ ಶಾಶ್ವತವಾಗಿ ಉಳಿಯುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಉಳಿದವು ತಾವಾಗಿ ಸರಿಯಾಗುತ್ತವೆ. ಆದರೆ ಸುಮ್ನೆ ಕಾಯಬಾರದು. ಮೂರು ತಿಂಗಳಾದರೂ ಮೊಣಕೈ ಮಡಚಲು ಬಾರದಿದ್ದರೆ ನರದ ಶಸ್ತ್ರಚಿಕಿತ್ಸೆ ಮಾಡುವವರಿಗೆ ತೋರಿಸಲೇಬೇಕು. ಮೂರು ತಿಂಗಳ ಆ ಗಡುವನ್ನು ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದು ಕೊಟ್ಟಿದ್ದೆವು. ಆರನೇ ವಾರದ ಲಸಿಕೆಗೆ ಬಂದಾಗ ಮೊಣಕೈ ಮಿಸುಕುತ್ತಿತ್ತು, ಬಾಯಿಯವರೆಗೆ ಹೋಗುತ್ತಿರಲಿಲ್ಲ. ಹತ್ತನೇ ವಾರಕ್ಕೆ ಮುಷ್ಟಿ ಬಾಯಲ್ಲಿತ್ತು. ಹದಿನಾಲ್ಕನೇ ವಾರದಲ್ಲಿ ಸೂಜಿ ಚುಚ್ಚಿದಾಗ ಎರಡು ಕೈಯನ್ನೂ ಎತ್ತಿ ಕಿರುಚಿದಳು.

ತಾಯಿಯ ಸಕ್ಕರೆಯನ್ನು ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ನೋಡಬೇಕಿತ್ತು. ಮಗುವಿನ ಕೈಯ ಗಲಾಟೆಯಲ್ಲಿ ಅದು ಎಲ್ಲರಿಗೂ ಮರೆಯುವ ವಿಷಯ. ಹತ್ತನೇ ವಾರಕ್ಕೆ ಹಿಡಿದು ಕೂರಿಸಿ ಗ್ಲೂಕೋಸ್ ಕುಡಿಸಿದೆವು. ಎರಡು ಗಂಟೆಯದ್ದು 126, ಸರಿ ಇತ್ತು. ಆದರೂ ವರ್ಷಕ್ಕೊಮ್ಮೆ ನೋಡಬೇಕು, ಬಸುರಿಯಾಗಿದ್ದಾಗ ಬಂದು ಹೋದ ಸಕ್ಕರೆ ಕಾಯಿಲೆ ಮುಂದೆ ಕಾಯಂ ಆಗಿ ಬರುವ ಸಂಭವ ಜಾಸ್ತಿ.

ಮುಂದಿನ ಹೆರಿಗೆಯ ಮಾತೂ ಬಂತು. ಒಮ್ಮೆ ಭುಜ ಸಿಕ್ಕಿಕೊಂಡವರಿಗೆ ಮತ್ತೆ ಆಗುವ ಸಂಭವ ಬೇರೆಯವರಿಗಿಂತ ಹೆಚ್ಚು. ಬೇರೆ ಬೇರೆ ಅಧ್ಯಯನಗಳಲ್ಲಿ ಅದು ನೂರಕ್ಕೆ ಒಂದರಿಂದ ಇಪ್ಪತ್ತೈದರವರೆಗೆ ಇದೆ. ಹಾಗೆಂದು ಸಿಸೇರಿಯನ್ ಕಡ್ಡಾಯವಲ್ಲ. ತಾಯಿ, ಡಾಕ್ಟರ್ ಕೂತು ಮಾತಾಡಿ ತೀರ್ಮಾನಿಸಬೇಕು, ಸಾಮಾನ್ಯ ಹೆರಿಗೆಯಾದರೆ ರಾತ್ರಿಯೂ ಆಪರೇಷನ್ ನಡೆಯುವ ಕಡೆಯೇ ಆಗಬೇಕು. ಮೇಡಂ ಇದನ್ನೆಲ್ಲ ಹೇಳಿ ಮುಗಿಸುವ ಮೊದಲೇ ಆಕೆ ನಕ್ಕರು: "ಎರಡು ಸಾಕು ಡಾಕ್ಟ್ರೇ, ಕಾಪರ್ ಟಿ ಹಾಕಿ." ಹಾಕಿದೆವು. ಆದರೂ ಡಿಸ್ಚಾರ್ಜ್ ಚೀಟಿಯ ಪ್ರತಿಯಲ್ಲಿ ಶೋಲ್ಡರ್ ಡಿಸ್ಟೋಸಿಯ, ನಾಲ್ಕು ನಿಮಿಷ, ಹಿಂದಿನ ಕೈ ತೆಗೆದದ್ದು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಸೀಲ್ ಹಾಕಿ ಕೊಟ್ಟಿದ್ದೇವೆ, ಗಡಿಯ ಯಾವ ಬದಿಯ ಆಸ್ಪತ್ರೆಗೆ ಹೋದರೂ ತೋರಿಸಲಿ ಎಂದು.